ಎಡಕ್ಕೆ ವಾಲಿದ ಗಂಟು

ಪಟಾಕಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆ ಹೆಸರು ಇಟ್ಟವರು ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವ ಹಾಲಿನಲ್ಲಿ ಕೂರುತ್ತಿದ್ದ ಹದಿನಾರು ಹೆಂಗಸರು. ಒಂಬತ್ತನೇ ತರಗತಿಯ ನಡುವೆ ಮೇಷ್ಟರ ಜೊತೆ ಜಗಳವಾಡಿ, ಚೀಲ ಬೆಂಚಿನ ಮೇಲೇ ಬಿಟ್ಟು ಮನೆಗೆ ಬಂದವನು ಅವನು. ಎರಡು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ, ಅಲ್ಲೇ ಹೊಲಿಯುತ್ತಿದ್ದ ದೊಡ್ಡಮ್ಮ ಕೈಹಿಡಿದು ಆ ಹಾಲಿಗೆ ಕರೆದೊಯ್ದಳು. ಮೊದಲ ದಿನವೇ ಅಂಟಿಸುವ ಗಂಜಿಯ ಬಕೆಟ್ಟು ಎಡವಿ, ಬಕೆಟ್ಟಿಗೇ ಬೈದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಪಟಾಕಿ.

ಈಗ ಅಚ್ಚುಕೂಟ ಮುಚ್ಚಿ ಐದು ವರ್ಷ. ಪಟಾಕಿಗೆ ಇಪ್ಪತ್ತಾರು. ಮೆಟ್ಟಿಲ ಕೆಳಗಿನ ಒಂದು ಮಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಾನೆ. ಒಂದು ಮಧ್ಯಾಹ್ನ ರಟ್ಟಿಗೆ ಬಳಿದ ಗಂಜಿ ಒಣಗಲೆಂದು ಕಾಯುತ್ತಾ, ಫೋನಿನಲ್ಲಿ ತನ್ನ ಹಳೆಯ ಅಚ್ಚುಕೂಟದ ಹೆಸರು ಹುಡುಕಿದ. ಅದಕ್ಕೂ ಒಂದು ಪುಟವಿತ್ತು, ಜನರೇ ಸೇರಿ ಬರೆಯುವ ಆ ವಿಶ್ವಕೋಶದಲ್ಲಿ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂದು ಮೇಲೇ ಹಾಕಿದ್ದರು. ಖುಷಿಯಿಂದ ಓದಿದ. ಜರ್ಮನಿಯಿಂದ ತರಿಸಿದ ಯಂತ್ರ, ಅದರ ತೂಕ, ಅದು ಗಂಟೆಗೆ ಉರುಳಿಸುತ್ತಿದ್ದ ಹಾಳೆಗಳು, ಮಾಲೀಕರ ಅಪ್ಪ, ಮಾಲೀಕರ ಮಗ, ದೊಡ್ಡ ನಿಘಂಟು ಅಚ್ಚಾದ ಕಥೆ ಎಲ್ಲ ಇತ್ತು. ಕೊನೆಗೆ ಒಂದು ಸಾಲು:

"ದಪ್ಪ ಸಂಪುಟಗಳಿಗಾಗಿ ಮರಳುಗಂಟು ಎಂಬ ವಿಶಿಷ್ಟ ಹೊಲಿಗೆಯನ್ನು, ನಿಘಂಟಿನ ಎರಡನೆಯ ಮುದ್ರಣದ ಕಾಲದಲ್ಲಿ, ಅಂದಿನ ಮ್ಯಾನೇಜರ್ ರೂಪಿಸಿದರು."

ಪಟಾಕಿ ಆ ಸಾಲನ್ನು ಮೂರು ಸಲ ಓದಿದ. ಪುಟದಲ್ಲಿ ಎಲ್ಲಿ ತಡಕಿದರೂ ಆ ಹದಿನಾರು ಹೆಂಗಸರು ಇರಲಿಲ್ಲ. ಯಂತ್ರದ ತೂಕ ಕಿಲೋ ಲೆಕ್ಕದಲ್ಲಿ ಇತ್ತು. ಮೂವತ್ತು ವರ್ಷ ಸೂಜಿ ಹಿಡಿದವರ ಸುದ್ದಿ ಒಂದು ಅಕ್ಷರ ಇರಲಿಲ್ಲ.

"ಮ್ಯಾನೇಜರ್ರಂತೆ! ಅಂಗಿ ಗುಂಡಿ ಕಿತ್ತುಹೋದ್ರೆ ಪಿನ್ನು ಹಾಕ್ಕೊಂಡು ಓಡಾಡ್ತಿದ್ನಂತೆ ಆ ಮನುಷ್ಯ!" ಎಂದು ಖಾಲಿ ಮಳಿಗೆಗೇ ಕೂಗಿದ.

ಮರಳುಗಂಟು ದೊಡ್ಡಮ್ಮನದು. ಹಾಲಿನಲ್ಲಿ ಅದು ಸೂರ್ಯ ಮೂಡುವುದು ಪೂರ್ವದಲ್ಲಿ ಅನ್ನುವಷ್ಟು ಗೊತ್ತಿದ್ದ ಮಾತು. ಸಾವಿರದ ಆರುನೂರು ಪುಟದ ನಿಘಂಟು ಮಾಮೂಲು ಹೊಲಿಗೆಗೆ ಜಗ್ಗುತ್ತಿರಲಿಲ್ಲ. ನಾಲ್ಕು ಸಲ ತೆರೆದರೆ ನಡುವಿನ ಫಾರಂಗಳು ಹಲ್ಲು ಸಡಿಲಾದ ಮುದುಕನ ಬಾಯಿಯಂತೆ ಅಲ್ಲಾಡತೊಡಗುತ್ತಿದ್ದವು. ಫಾರಂ ಅಂದರೆ ಹದಿನಾರು ಪುಟದ ಒಂದು ಮಡಿಕೆ. ಮರಳುಗಂಟಿನಲ್ಲಿ ಮೂರು ಫಾರಂ ಹೊಲಿದ ಮೇಲೆ ಸೂಜಿ ಮುಂದಕ್ಕೆ ಹೋಗುವುದಿಲ್ಲ. ಎರಡು ಫಾರಂ ಕೆಳಕ್ಕೆ ಮರಳಿ, ಅಲ್ಲಿನ ದಾರದ ಅಡಿ ನುಗ್ಗಿ, ಒಂದು ಕುಣಿಕೆ ಬಿಗಿದು ಮೇಲೆ ಬರುತ್ತದೆ. ಹಾಗೆ ಹೊಲಿದ ಪುಸ್ತಕ ಎಲ್ಲಿ ತೆರೆದರೂ ಅಂಗಾತ ಮಲಗುತ್ತಿತ್ತು. ನಲವತ್ತು ವರ್ಷ ಕಳೆದರೂ ಒಂದು ಹಾಳೆ ಉದುರುತ್ತಿರಲಿಲ್ಲ.

ಅಂದೇ ಕೂತು ಬರೆದ. ಒಂದೊಂದು ಅಕ್ಷರ ಹುಡುಕಿ ಒತ್ತುತ್ತಾ ಎರಡು ಗಂಟೆ ಹಿಡಿಯಿತು. ಮ್ಯಾನೇಜರನ್ನು ಅಳಿಸಿ ದೊಡ್ಡಮ್ಮನ ಹೆಸರು ಹಾಕಿದ. ಹನ್ನೊಂದು ನಿಮಿಷದಲ್ಲಿ ಅದು ಮಾಯ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮತ್ತೆ ಬರೆದ, ಮತ್ತೆ ಹೋಯಿತು. ಮೂರನೆಯ ಸಲ ಬರೆದಾಗ ಜೊತೆಗೆ ನಾಲ್ಕು ಬೈಗುಳವನ್ನೂ ಸೇರಿಸಿದ್ದರಿಂದ ಒಂದು ದಿನ ಬರೆಯದಂತೆ ಬಾಗಿಲು ಹಾಕಿದರು. ಅಳಿಸಿದವರು ಬಿಟ್ಟ ಸಂದೇಶ ತಣ್ಣಗಿತ್ತು: "ದಯವಿಟ್ಟು ಪ್ರಕಟಿತ ಮೂಲ ಒದಗಿಸಿ. ಮನೆಯಲ್ಲಿ ಕೇಳಿದ ಮಾತು ಮೂಲವಲ್ಲ."

ಆಮೇಲೆ ಅವನು ದೊಡ್ಡಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದ. ಅವನಮ್ಮ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಇದ್ದವರು. ದೊಡ್ಡಮ್ಮನಿಗೆ ಎಪ್ಪತ್ತೊಂದು. ಕಣ್ಣು ಮಂಜು, ಕಿವಿ ಮಾತ್ರ ಬೆಕ್ಕಿನದು.

"ನಿನ್ನ ಹೆಸರು ಅಲ್ಲಿ ಹಾಕಿಸೇ ಹಾಕಿಸ್ತೀನಿ ದೊಡ್ಡಮ್ಮ. ಲೋಕವೆಲ್ಲ ಓದ್ಬೇಕು."

"ಲೋಕಕ್ಕೆ ಬೇರೆ ಕೆಲಸ ಇಲ್ವೇನೋ? ಬಿಡು ಅತ್ಲಾಗೆ."

"ಬಿಡೋದಾ? ನೀನು ಬಿಟ್ಟು ಬಿಟ್ಟೇ ಹೀಗಾಗಿರೋದು!"

"ನನ್ನ ಮೇಲೆ ಯಾಕೋ ಕೂಗ್ತೀಯ? ನಾನೇನು ಅಳಿಸಿದ್ನಾ?" ಎಂದಳು. ಆಮೇಲೆ ಯಾಕೋ ಮಾತು ಬೇರೆಡೆಗೆ ಹೊರಳಿತು. "ಆ ಹಾಲಿನಲ್ಲಿ ಕಿಟಕಿ ಎಷ್ಟೆತ್ತರ ಇತ್ತು, ನೆನಪಿದೆಯಾ?"

ನೆನಪಿಲ್ಲದೆ ಏನು? ಆಳೆತ್ತರಕ್ಕೆ ಎರಡು ಪಟ್ಟು. ಬೆಳಗಿನ ಬಿಸಿಲು ಮೊದಲು ಗೋಡೆಯ ಮೇಲೆ ಬಿದ್ದು, ಹತ್ತು ಗಂಟೆಗೆ ಮೇಜಿಗಿಳಿದು, ಊಟದ ಹೊತ್ತಿಗೆ ಹೆಂಗಸರ ಮಡಿಲಿಗೆ ಬರುತ್ತಿತ್ತು. ಗಡಿಯಾರ ಕೆಟ್ಟಾಗಲೂ ಯಾರೂ ರಿಪೇರಿ ಮಾಡಿಸಲಿಲ್ಲ. ಗಂಜಿಯ ಹುಳಿ ವಾಸನೆ, ಹೊಸ ಕಾಗದದ ವಾಸನೆ, ಮೇಣ ಸವರಿದ ದಾರದ ವಾಸನೆ. ಹದಿನಾರು ಸೂಜಿಗಳು ಒಟ್ಟಿಗೆ ದಾರ ಎಳೆದಾಗ ಬರುತ್ತಿದ್ದ ಸುಯ್ ಎನ್ನುವ ಸದ್ದು ಈಗಲೂ ಪಟಾಕಿಯ ಕಿವಿಯಲ್ಲಿತ್ತು. ಸದ್ದಿನ ಮೇಲೆ ಮಾತು: ಯಾರ ಸೊಸೆ ಏನಂದಳು, ಯಾರ ಗಂಡ ಹೇಗೆ ಗೊರಕೆ ಹೊಡೆಯುತ್ತಾನೆ. ಗೊರಕೆಯನ್ನು ಅನುಕರಿಸಿ ತೋರಿಸುವಾಗಲೂ ಯಾರ ಸೂಜಿಯೂ ತಪ್ಪುತ್ತಿರಲಿಲ್ಲ. ಶಾಲೆ ಕಲಿಸದೇ ಇದ್ದದ್ದನ್ನೆಲ್ಲ ಪಟಾಕಿ ಅಲ್ಲಿ ಕಲಿತ. ಅಕ್ಷರವನ್ನು ಪ್ರೀತಿಸುವುದನ್ನೂ ಅಲ್ಲೇ ಕಲಿತ. ಮಡಿಸುವಾಗ ಕಣ್ಣಿಗೆ ಬಿದ್ದಷ್ಟನ್ನು ಓದಿ, ಮುಂದಿನ ಪುಟ ಇನ್ನೊಬ್ಬಳ ಕೈಯಲ್ಲಿದ್ದರೆ ಅವಳನ್ನು ಕಾಡಿ ಕೇಳಿ.

"ನೀನು ಎಲ್ಲರಿಗೂ ಆ ಗಂಟು ಕಲಿಸ್ತಿದ್ದೆ," ಎಂದ.

"ಕಲಿಸ್ತಿದ್ದೆ," ಎಂದಳು ದೊಡ್ಡಮ್ಮ, ಮತ್ತು ಎದ್ದು ಒಳಗೆ ಹೋದಳು.

ಇಂಥ ಪುಟಗಳನ್ನು ಬರೆಯುವವರು ತಿಂಗಳಿಗೆ ಎರಡು ಭಾನುವಾರ ಲೈಬ್ರರಿಯಲ್ಲಿ ಸೇರುತ್ತಾರೆಂದು ಹೇಳಿದ್ದು ಲೈಬ್ರರಿ ಮೇಡಂ. ರಿಪೇರಿಗೆ ಪುಸ್ತಕ ಕೊಡುತ್ತಿದ್ದವರು ಅವರೇ. "ಬನ್ನಿ, ಬಂದು ಬೈರಿ. ನನ್ನ ಮಾತಂತೂ ಕೇಳಲ್ಲ," ಎಂದರು.

ಹೋದ. ಉದ್ದ ಮೇಜಿನ ಸುತ್ತ ಹನ್ನೊಂದು ಜನ, ಹನ್ನೊಂದು ಲ್ಯಾಪ್‌ಟಾಪು. ಒಂಬತ್ತು ಗಂಡಸರು. ಅರ್ಧಕ್ಕರ್ಧ ನಿವೃತ್ತರು, ಉಳಿದವರು ಕಾಲೇಜಿನವರು. ತಮ್ಮ ತಮ್ಮ ಪರಿಚಯ ಹೇಳಿಕೊಂಡರು: ಒಬ್ಬ ಎಂಎಸ್ಸಿ, ಒಬ್ಬ ಲೆಕ್ಚರರ್, ಒಬ್ಬ ನಿವೃತ್ತ ಎಂಜಿನಿಯರ್. ಪಟಾಕಿಯ ಸರದಿ ಬಂದಾಗ, "ಎಲ್ರೂ ಪಟಾಕಿ ಅಂತಾರೆ. ಒಂಬತ್ತನೇ ಕ್ಲಾಸು, ಅದೂ ಅರ್ಧ," ಎಂದ. ಯಾರೋ ನಕ್ಕರು, ಕೆಟ್ಟ ನಗೆಯೇನಲ್ಲ. ಆದರೂ ಕಿವಿ ಬಿಸಿಯಾಯಿತು.

"ಇದನ್ನೇ ನಾನು ಹೇಳೋದು," ಎಂದರು ಲೈಬ್ರರಿ ಮೇಡಂ. "ಇಲ್ಲಿ ಬರೆಯೋಕೆ ಪುರುಸೊತ್ತಿರೋರು ಯಾರು ನೋಡಿ. ರೈಲ್ವೆ ಎಂಜಿನ್ನುಗಳಿಗೆ ನಲವತ್ತು ಪುಟ ಬರೆದಿದೀರ. ಸೂಲಗಿತ್ತಿಯರ ಬಗ್ಗೆ ಮೂರೇ ಸಾಲು. ಆ ಮೂರನ್ನೂ ನಾನೇ ಹಾಕಿದ್ದು."

"ಬೇಡ ಅಂದೋರ್ಯಾರು ಮೇಡಂ? ಬಾಗಿಲು ತೆರೆದೇ ಇದೆ, ಬರೆಯಲಿ," ಎಂದರು ಎಂಜಿನಿಯರ್. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ.

"ಬಾಗಿಲು ತೆರೆದಿದೆ ಸಾರ್, ಹೊಸ್ತಿಲು ಎದೆಮಟ್ಟ ಇದೆ," ಎಂದ ಪಟಾಕಿ. "ನಂದು ಮೂರು ಸಲ ಅಳಿಸಿದ್ದು ಯಾರು?"

ಎಂಜಿನಿಯರ್ ಕನ್ನಡಕ ತೆಗೆದರು. "ಓ, ಆ ಬೈಗುಳದ ಮಹಾಶಯ ನೀವಾ? ನಾನೇ ಅಳಿಸಿದ್ದು. ಆ ಪುಟ ಬರೆದಿದ್ದೂ ನಾನೇ. ಆ ಮ್ಯಾನೇಜರ್ ನಮ್ಮ ತಾತ."

ಪಟಾಕಿ ಎದ್ದು ನಿಂತ. "ಹಾಗೆ ಹೇಳಿ ಮತ್ತೆ! ತಾತ ಹೇಳಿದ್ರೆ ಮೂಲ, ದೊಡ್ಡಮ್ಮ ಹೇಳಿದ್ರೆ ಮನೆ ಮಾತಾ? ಆ ಸಾಲಿಗೆ ನಿಮ್ಮ ಪ್ರಕಟಿತ ಮೂಲ ಎಲ್ಲಿ?"

ಎಲ್ಲರೂ ತಂತಮ್ಮ ಪರದೆಯಲ್ಲಿ ಆ ಸಾಲು ನೋಡಿದರು. ಮೂಲ ಇರಲಿಲ್ಲ. ಆರು ವರ್ಷದಿಂದ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಎಂಜಿನಿಯರ ಮುಖ ಕೆಂಪಾಯಿತು. "ತಾತ ನನ್ನ ಪಕ್ಕ ಕೂರಿಸ್ಕೊಂಡು ಹೇಳಿದ್ದು ಕಣ್ರೀ. ಅವರು ಸುಳ್ಳು ಹೇಳೋರಲ್ಲ."

"ನಮ್ಮ ದೊಡ್ಡಮ್ಮನೂ ಸುಳ್ಳು ಹೇಳೋಳಲ್ಲ. ಮೂಲ ತಾನೇ ಬೇಕು? ಪುಸ್ತಕದ ಹೊಟ್ಟೆಯಲ್ಲಿದೆ ಮೂಲ. ಮೇಡಂ, ಆ ನಿಘಂಟು ತನ್ನಿ. ಮೊದಲ ಮುದ್ರಣದ್ದು, ಬೆನ್ನು ಕಿತ್ತಿದೆಯಲ್ಲ, ನಂಗೆ ರಿಪೇರಿಗೆ ಅಂತ ತೆಗೆದಿಟ್ಟಿದ್ದು."

ಇದು ಬೈಂಡು ಹಾಕುವವನಿಗೆ ಮಾತ್ರ ಹೊಳೆಯುವ ಮಾತು. ಮೂಲ ಅಂದರೆ ಆ ಹನ್ನೊಂದು ಜನಕ್ಕೆ ಪುಟದ ಮೇಲೆ ಅಚ್ಚಾದದ್ದು. ಪಟಾಕಿಗೆ ಪುಸ್ತಕ ಅಂದರೆ ಬೆನ್ನು. ಅಚ್ಚುಕೂಟದಲ್ಲಿ ಒಂದು ಪದ್ಧತಿಯಿತ್ತು: ಹೊಲಿದು ಮುಗಿಸಿದವಳು ಬೆನ್ನಿಗೆ ಬಟ್ಟೆ ಅಂಟಿಸುವ ಮೊದಲು ತನ್ನ ಕುರ್ಚಿಯ ನಂಬರಿನ ಚೀಟಿಯೊಂದನ್ನು ಹೊಲಿಗೆಯ ಮೇಲೆ ಅಂಟಿಸಬೇಕು. ಪುಸ್ತಕ ಬಿಚ್ಚಿಕೊಂಡು ವಾಪಸು ಬಂದರೆ ಯಾರ ಕೈಕೆಲಸವೆಂದು ತಿಳಿಯಲಿ, ಬೈಯಲು ಅನುಕೂಲವಾಗಲಿ ಎಂದು. ದೊಡ್ಡಮ್ಮನದು ಮೂರನೇ ನಂಬರು, ಹೊಸತಾಗಿ ಸೇರಿದಾಗಿನಿಂದ ಮುಚ್ಚುವವರೆಗೂ. ಮೊದಲ ಮುದ್ರಣದಲ್ಲೇ ಮರಳುಗಂಟು ಸಿಕ್ಕಿದರೆ, ಎರಡನೆಯ ಮುದ್ರಣದ ಹೊತ್ತಿಗೆ ಮ್ಯಾನೇಜರ್ ರೂಪಿಸಿದ್ದು ಅನ್ನುವ ಮಾತು ಅಲ್ಲಿಗೆ ಮಗುಚಿತು. ಚೀಟಿಯಲ್ಲಿ ಮೂರು ಇದ್ದರಂತೂ ಮುಗಿಯಿತು.

ಮೇಡಂ ನಿಘಂಟು ತಂದಿಟ್ಟರು. ಪಟಾಕಿ ಜೇಬಿನಿಂದ ಕಾಗದ ಮಡಿಸುವ ಮೂಳೆಯ ಪಟ್ಟಿ ತೆಗೆದು, ಒದ್ದೆ ಬಟ್ಟೆಯಲ್ಲಿ ಬೆನ್ನನ್ನು ನೆನೆಸಿ, ಗಾಯದ ಕಟ್ಟು ಬಿಚ್ಚುವವನಂತೆ ಬಟ್ಟೆ ಎಬ್ಬಿಸಿದ. ಹಳೆಯ ಗಂಜಿಯ ವಾಸನೆ ಎದ್ದಿತು. ನಲವತ್ತೆಂಟು ವರ್ಷದ ಹಿಂದೆ ಯಾರೋ ಕಾಯಿಸಿದ ಗಂಜಿ. ಒಂದು ಗಳಿಗೆ ಅವನಿಗೆ ಲೈಬ್ರರಿ ಮರೆಯಿತು, ಸಿಟ್ಟು ಮರೆಯಿತು. ಎತ್ತರದ ಕಿಟಕಿಗಳು ಕಣ್ಣಿಗೆ ಬಂದವು. ಹನ್ನೊಂದು ಜನ ಕತ್ತು ಚಾಚಿ ನೋಡುತ್ತಿದ್ದರು.

ಗಂಟುಗಳು ಕಂಡವು. ಮೂರು ಫಾರಂಗೊಂದು, ಸಾಲಾಗಿ, ಇರುವೆ ನಡೆದಂತೆ. ಮರಳುಗಂಟೇ.

"ನೋಡಿ!" ಎಂದ. ಎಂದವನು ಅಲ್ಲೇ ನಿಂತ.

ಚೀಟಿಯಲ್ಲಿ ಇದ್ದದ್ದು ಎರಡು. ಮತ್ತು ಗಂಟುಗಳು ಎಡಕ್ಕೆ ವಾಲಿದ್ದವು.

ಬಲಗೈಯವರು ಎಳೆದ ಕುಣಿಕೆ ಬಲಕ್ಕೆ ವಾಲುತ್ತದೆ. ದೊಡ್ಡಮ್ಮ ಬಲಗೈಯವಳು. ಅವಳ ಗಂಟುಗಳನ್ನು ಅವನು ಕತ್ತಲಲ್ಲಿ ಬೆರಳಾಡಿಸಿ ಗುರುತಿಸಬಲ್ಲ. ಇದು ಅವಳದಲ್ಲ. ಇದನ್ನು ಓದಬಲ್ಲವನು ಆ ಕೋಣೆಯಲ್ಲಿ ಅವನೊಬ್ಬನೇ. ದೊಡ್ಡಮ್ಮನದು ಎರಡನೇ ನಂಬರು ಎಂದರೆ ಯಾರೂ ಇಲ್ಲ ಅನ್ನಲಾರರು. ನಾಲಿಗೆಯ ತುದಿಗೆ ಬಂದಿತ್ತು.

"ಏನ್ರೀ ಹೇಳುತ್ತೆ ನಿಮ್ಮ ಮೂಲ?" ಎಂದರು ಎಂಜಿನಿಯರ್.

"ಮುಂದಿನ ಸಲ ಹೇಳ್ತೀನಿ ಸಾರ್," ಎಂದು ಪಟಾಕಿ ನಿಘಂಟನ್ನು ಬಟ್ಟೆಯಲ್ಲಿ ಸುತ್ತಿದ.

"ಪಟಾಕಿ ಠುಸ್ಸಾ?" ಎಂದ ಎಂಎಸ್ಸಿ. ಪಟಾಕಿ ತಿರುಗಿ ಕೂಡ ನೋಡಲಿಲ್ಲ.

ಮನೆಗೆ ಬಂದು ನಿಘಂಟನ್ನು ದೊಡ್ಡಮ್ಮನ ಮಡಿಲಿಗೆ ಹಾಕಿದ. ಅವಳು ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳನ್ನು ಬೆನ್ನಿನ ಮೇಲೆ ಮೇಲಿಂದ ಕೆಳಕ್ಕೆ ಎಳೆದಳು. ನಡುವೆ ಬೆರಳು ನಿಂತಿತು.

"ಎಡಚಿ," ಎಂದಳು.

"ಯಾರು?"

"ಎರಡನೇ ನಂಬರು. ನನ್ನ ಪಕ್ಕದವಳು. ಎಡಗೈಯಲ್ಲಿ ಹೊಲಿಯೋಳು. ನಾನು ಸೇರಿದಾಗ ನಂಗೆ ಇಪ್ಪತ್ಮೂರು, ಅವಳಿಗೆ ಇಪ್ಪತ್ತೋ ಏನೋ. ನಮ್ಮ ಮೊಣಕೈಗಳು ಡಿಕ್ಕಿ ಹೊಡೀತಾನೇ ಇದ್ವು. 'ಅಕ್ಕಾ, ನಿಂದು ಬಲ, ನಂದು ಎಡ, ಮಧ್ಯದಲ್ಲಿ ಮೊಣಕೈ ಯುದ್ಧ' ಅಂತ ನಗೋಳು. ನಕ್ಕರೆ ಪೂರ್ತಿ ಸಾಲು ನಗ್ತಿತ್ತು ಕಣೋ. ಫಾರಂ ಅಲ್ಲಾಡ್ತಾವೆ ಅಂತ ಒಂದಿನ ಊಟಕ್ಕೂ ಏಳದೆ ದಾರ ಹಾಕ್ತಾ ಬಿಚ್ತಾ ಕೂತ್ಲು. ಸಂಜೆ ಹೊತ್ತಿಗೆ ಬಂದಿತ್ತು ಗಂಟು. ನಂಗೊಬ್ಬಳಿಗೇ ತೋರಿಸಿದ್ಲು."

"ಆಮೇಲೆ?"

"ಗಂಟು ಉಲ್ಟಾ ವಾಲುತ್ತೆ, ಬೇರೆಯವರ ಹೊಲಿಗೆ ಜೊತೆ ಒಂದೇ ಥರ ಕಾಣಲ್ಲ ಅಂತ ಸೂಪರ್‌ವೈಸರ್ ಬೈದ. ಬಲಗೈಲಿ ಹೊಲಿ, ಇಲ್ಲಾಂದ್ರೆ ನಡಿ ಅಂದ. ಒಂದು ಸೋಮವಾರ ಅವಳು ಬರಲಿಲ್ಲ. ರೂಮಿಗೆ ಹೋಗಿ ನೋಡಿದೆ, ಬೀಗ. ನಾನು ಅದೇ ಗಂಟನ್ನ ಬಲಗೈಗೆ ಹೊಂದಿಸ್ಕೊಂಡೆ. ಎರಡನೇ ಮುದ್ರಣಕ್ಕೆ ಮ್ಯಾನೇಜರ್ ನೋಡಿದ್ರು, ಚೆನ್ನಾಗಿದೆ, ಎಲ್ಲರೂ ಹೀಗೇ ಹೊಲೀರಿ ಅಂದ್ರು. ಯಾರು ಕಂಡುಹಿಡಿದಿದ್ದು ಅಂತ ಯಾರೂ ಕೇಳಲಿಲ್ಲ."

"ನೀನೇ ಅಂತ ಹೇಳಿದ್ದೆಯಲ್ಲ ದೊಡ್ಡಮ್ಮ! ಹಾಲೆಲ್ಲ ಹೇಳ್ತಿತ್ತಲ್ಲ!"

"ನಾನು ಯಾವತ್ತು ಹೇಳಿದೆ? ನೀವೆಲ್ಲ ಹಾಗಂದ್ಕೊಂಡ್ರಿ. ನಾನು ತಿದ್ದಲಿಲ್ಲ." ಅವಳ ಬೆರಳು ಇನ್ನೂ ಬೆನ್ನಿನ ಮೇಲೇ ಇತ್ತು. "ಮೊದಲ ದಿನ ಸುಮ್ಮನಿದ್ದೆ. ಎರಡನೇ ದಿನ ಹೇಳೋದು ಕಷ್ಟವಾಯ್ತು. ನಲವತ್ತು ವರ್ಷ ಆದ್ಮೇಲೆ ಹೇಗೋ ಹೇಳಲಿ? ಹೊಗಳಿಕೆ ಅನ್ನೋದು ಬೆಲ್ಲ ಕಣೋ, ಉಗುಳೋಕೆ ಮನಸ್ಸು ಬರಲ್ಲ."

"ಅವಳ ಹೆಸರಾದ್ರೂ ಹೇಳು. ಅದನ್ನೇ ಹಾಕ್ತೀನಿ."

ದೊಡ್ಡಮ್ಮ ನಂಬರಿನ ಚೀಟಿಯನ್ನು ಬೆರಳಿನಿಂದ ಸವರಿದಳು. "ಹಾಜರಿಗೆ ನಂಬರ್ ಕೂಗ್ತಿದ್ರು. ನಾವು ಎಡಚಿ ಅಂತಿದ್ವಿ. ಓ ಅಂತಿದ್ಲು. ಹನ್ನೊಂದು ತಿಂಗಳು ಮೊಣಕೈ ತಾಗಿಸ್ಕೊಂಡು ಕೂತಿದ್ದೆ, ಹೆಸರು ಕೇಳಲಿಲ್ಲ ನೋಡು."

ಪಟಾಕಿ ಎದ್ದು ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತ. ಯಾರಿಗೆ ಬೈಯಬೇಕೆಂದು ತಿಳಿಯಲಿಲ್ಲ. ಎಂಜಿನಿಯರ್ ತಮ್ಮ ತಾತನನ್ನು ಬರೆದರು, ಪಟಾಕಿ ತನ್ನ ದೊಡ್ಡಮ್ಮನನ್ನು ಬರೆದ. ಎಡಚಿಗೆ ಬರೆಯುವ ಮೊಮ್ಮಗ ಇರಲಿಲ್ಲ, ಅಷ್ಟೇ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ; ಬೆನ್ನು ಕಟ್ಟುವುದೇ ಕಸುಬಾದವನಿಗೂ ಕಂಡಿರಲಿಲ್ಲ.

ಮುಂದಿನ ಸಭೆಗೆ ದೊಡ್ಡಮ್ಮ ತಾನೇ ಹೊರಟು ನಿಂತಳು. "ನೀನು ಹೋದ್ರೆ ಜಗಳ ಆಡ್ತೀಯ," ಎಂದಳು. ಸೂಜಿ, ದಾರ, ಮೇಣದ ಉಂಡೆ ಕೈಚೀಲಕ್ಕೆ ಹಾಕಿಕೊಂಡಳು.

ಲೈಬ್ರರಿಯಲ್ಲಿ ಪಟಾಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗಂಟು ಮ್ಯಾನೇಜರದ್ದಲ್ಲ, ದೊಡ್ಡಮ್ಮನದೂ ಅಲ್ಲ. ಎಡಗೈಯಲ್ಲಿ ಹೊಲಿಯುತ್ತಿದ್ದ ಎರಡನೇ ನಂಬರಿನ ಎಡಚಿಯದು.

ದೊಡ್ಡಮ್ಮ ಎಂಜಿನಿಯರ ಕಡೆ ಮುಖ ಮಾಡಿದಳು. "ನಿಮ್ಮ ತಾತ ಒಳ್ಳೇವ್ರು ಕಣಪ್ಪ. ಕೈ ಕುಯ್ದುಕೊಂಡ್ರೆ ತಾವೇ ಬಂದು ಪಟ್ಟಿ ಕಟ್ಟೋರು. ಆದ್ರೆ ಸೂಜಿಗೆ ದಾರ ಪೋಣಿಸೋಕೆ ಬರ್ತಿರಲಿಲ್ಲ ಅವರಿಗೆ. ಒಂದ್ಸಲ ಪಂದ್ಯ ಕಟ್ಟಿ ಸೋತು, ಹದಿನಾರು ಜನಕ್ಕೂ ಚಹಾ ಕುಡಿಸಿದ್ರು."

ಎಂಜಿನಿಯರ್ ನಕ್ಕರು. ನಗು ಕಣ್ಣಿನ ಅಂಚಿಗೆ ಬಂದು ನಿಂತಿತು. "ಚಹಾದ ಕಥೆ ನಂಗೂ ಹೇಳಿದ್ರಮ್ಮಾ. ಗೆದ್ದೆ ಅಂತ ಹೇಳಿದ್ರು." ಅವರು ಪರದೆಯ ಕಡೆ ತಿರುಗಿ, ತಮ್ಮ ಆರು ವರ್ಷದ ಸಾಲನ್ನು ಆರಿಸಿ, ತುಸು ಹೊತ್ತು ನೋಡಿ, ಅಳಿಸಿದರು.

"ಎಡಚಿ ಅಂತ ಹಾಕಿ ಮತ್ತೆ," ಎಂದ ಪಟಾಕಿ.

"ಹಾಕಬೇಕು ಅಂತ ನಂಗೂ ಇದೆ. ನಿಲ್ಲಲ್ಲ ಕಣ್ರೀ. ಹೆಸರಿಲ್ಲ, ಅಚ್ಚಾದ ಸಾಕ್ಷಿ ಇಲ್ಲ. ನಾನು ಬಿಟ್ರೂ ಇನ್ಯಾರೋ ಅಳಿಸ್ತಾರೆ."

"ಇದ್ದವಳನ್ನ ಇಲ್ಲ ಅನ್ನೋದೇ ನಿಯಮವಾ?" ಪಟಾಕಿ ಸಿಡಿದ. ಈ ಸಲ ಯಾರೂ ನಗಲಿಲ್ಲ.

ಮೇಡಂ ತಡೆದರು. "ಮಾತಿಗೆ ಮೂಲ ಕೇಳ್ತಾರೆ, ಚಿತ್ರಕ್ಕೆ ಅಷ್ಟು ಕೇಳಲ್ಲ. ಮರಳುಗಂಟು ಹಾಕೋ ರೀತಿಯನ್ನ ವಿಡಿಯೋ ಮಾಡಿ ಪುಟಕ್ಕೆ ಹಾಕಬಹುದು. ಅಮ್ಮ, ಹೊಲಿದು ತೋರಿಸ್ತೀರಾ?"

ದೊಡ್ಡಮ್ಮ ಆಗಲೇ ದಾರಕ್ಕೆ ಮೇಣ ಸವರುತ್ತಿದ್ದಳು. ಪಟಾಕಿ ಫಾರಂಗಳನ್ನು ಜೋಡಿಸಿ ಕೊಟ್ಟ. ಮೇಡಂ ಫೋನು ಹಿಡಿದರು. ದೊಡ್ಡಮ್ಮ ಸೂಜಿಯನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡಳು.

"ದೊಡ್ಡಮ್ಮ, ಆ ಕೈ ಅಲ್ಲ."

"ನಂಗೊತ್ತು. ನೀನು ಸುಮ್ನಿರು."

ಎಪ್ಪತ್ತೊಂದು ವರ್ಷದಲ್ಲಿ ಸೂಜಿ ಹಿಡಿಯದ ಕೈ ಅದು. ಮೊದಲ ಫಾರಂನಲ್ಲೇ ತೂತು ತಪ್ಪಿತು, ಎರಡನೆಯದರಲ್ಲಿ ಬೆರಳಿಗೆ ಚುಚ್ಚಿತು. ಪಟಾಕಿ ಕೈ ಚಾಚಿದ್ದಕ್ಕೆ ಮೊಣಕೈಯಿಂದ ತಳ್ಳಿದಳು. ಮೂರು ಫಾರಂ ಆಯಿತು. ಸೂಜಿ ಎರಡು ಫಾರಂ ಕೆಳಕ್ಕೆ ಮರಳಿ, ತಡಕಾಡಿ, ದಾರದಡಿ ದಾರಿ ಹುಡುಕಿತು. ಎಂಜಿನಿಯರ್ ಕುರ್ಚಿ ಬಿಟ್ಟೆದ್ದು ಬಂದು ದೀಪವನ್ನು ಅವಳ ಕೈಯ ಹತ್ತಿರಕ್ಕೆ ಸರಿಸಿದರು. ಕುಣಿಕೆ ಬಿಗಿಯಿತು, ಎಡಕ್ಕೆ ವಾಲಿತು.

"ಬಂತು," ಎಂದರು ಮೇಡಂ ಪಿಸುಮಾತಿನಲ್ಲಿ.

ದೊಡ್ಡಮ್ಮ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. ತಲೆ ಅಲ್ಲಾಡಿಸಿದಳು.

"ಸಡಿಲ ಇದೆ. ಇದನ್ನ ಅವಳದು ಅಂತ ತೋರಿಸೋಕೆ ಆಗಲ್ಲ," ಎಂದು ಪಟಾಕಿಯ ಕಡೆ ಪುಸ್ತಕ ತಳ್ಳಿದಳು. "ಬಿಚ್ಚೋ. ಇನ್ನೊಂದ್ಸಲ."